ಗೋಡೆಯಿಂದ ಇಳಿದ ಷೇರುಪತ್ರ

ಸಹಕಾರ ಬ್ಯಾಂಕುಗಳ ಮೇಲೆ ಕಣ್ಣಿಡಲೆಂದೇ ನೇಮಕಗೊಂಡಿರುವ ಮಾನ್ಯ ಅಧಿಕಾರಿಗಳೇ,

ಬ್ಯಾಂಕು ತನ್ನದೇ ಷೇರನ್ನು ಅಡ ಇಟ್ಟುಕೊಂಡು ಸಾಲ ಕೊಡುವಂತಿಲ್ಲ ಎಂಬ ಕಾನೂನಿನ ಮೇಲೆ ನನಗೆ ತಕರಾರಿಲ್ಲ. ಷೇರು ಮಾರುವ ದಿನ ಆ ಕಾನೂನನ್ನು ಬಚ್ಚಿಟ್ಟು, ಸಾಲ ಕೇಳುವ ದಿನ ಬಿಚ್ಚಿಡುತ್ತಾರಲ್ಲ, ತಕರಾರು ಅದರ ಮೇಲೆ.

ಸವಳಂಗದ ನಮ್ಮ ಬೀದಿಯಲ್ಲಿ ಕರಿಯಕ್ಕನ ಹಿಟ್ಟಿನ ಗಿರಣಿ ಇದೆ. ಹನ್ನೊಂದು ವರ್ಷದ ಹಿಂದೆ ಪಟ್ಟಣದ ಸಹಕಾರ ಬ್ಯಾಂಕಿನ ನಿರ್ದೇಶಕರೊಬ್ಬರು ಬಂದು, ನಮ್ಮ ಷೇರು ಬಂಗಾರ ಇದ್ದಂತೆ, ಕಷ್ಟಕ್ಕೆ ಆಗುತ್ತದೆ ಎಂದರು. ಆಕೆ ಕೊಂಡಳು. ಬಂಗಾರದಂಥ ಕಾಗದವನ್ನು ಟ್ರಂಕಿನಲ್ಲಿ ಇಡಲಾದೀತೇ? ಫ್ರೇಮ್ ಹಾಕಿಸಿ ದೇವರ ಪಟಗಳ ಸಾಲಿಗೆ ನೇತುಹಾಕಿದಳು. ಶುಕ್ರವಾರಕ್ಕೊಮ್ಮೆ ಹೂವು, ಕುಂಕುಮ. ನಿಮ್ಮ ಇಲಾಖೆಯ ಯಾವ ಕಾಗದಕ್ಕೂ ಇಷ್ಟು ಮರ್ಯಾದೆ ಸಿಕ್ಕಿರಲಾರದು.

ಕಳೆದ ತಿಂಗಳು ಗಿರಣಿಯ ಮೋಟಾರು ಸುಟ್ಟಿತು. ಕರಿಯಕ್ಕ ಷೇರಿನ ಪಟ ಇಳಿಸಿ, ಕುಂಕುಮ ಒರೆಸಿ, ಹಳೇ ಸೀರೆಯಲ್ಲಿ ಸುತ್ತಿ, ಸಾಲ ಕೇಳಲು ಪಟ್ಟಣದ ಬಸ್ಸು ಹತ್ತಿದಳು. ಜೊತೆಗೆ ನಾನೂ ಹೋದೆ. ಮ್ಯಾನೇಜರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು.

"ನಮ್ಮ ಷೇರು ನಾವೇ ಅಡ ಇಟ್ಕಳಾಕೆ ಬರಲ್ಲಮ್ಮ, ಕಾನೂನು ಹಂಗೈತೆ. ಕಿವಿಯಾಗಿಂದು ಕೊಡ್ರಿ, ಅರ್ಧ ಗಂಟೆ ಕೆಲಸ."

ಕಿವಿಯಲ್ಲಿದ್ದದ್ದು ರೋಲ್ಡ್ ಗೋಲ್ಡ್. ಅಸಲಿ ಬೆಂಡೋಲೆ ಮಾರಿಯೇ ಆಕೆ ಷೇರು ಕೊಂಡಿದ್ದಳು.

"ನಿಮ್ಮ ಕಾಗದ ನೀವೇ ಇಟ್ಕಳಲ್ಲ ಅಂದ್ರೆ, ನಾನ್ಯಾಕ್ರಿ ದೇವರ ಪಕ್ಕ ಇಟ್ಕಂಡಿದ್ದೆ?" ಎಂದಳು ಕರಿಯಕ್ಕ. ಮ್ಯಾನೇಜರು ಫ್ಯಾನ್ ನೋಡಿದರು.

ಮನೆಗೆ ಬಂದು ಕಾನೂನಿನ ಕನ್ನಡ ಅನುವಾದ ಓದಿದೆ. ಬ್ಯಾಂಕು ಮುಳುಗಿದ ದಿನ ಅದರ ಷೇರೂ ಮುಳುಗುತ್ತದೆ, ಆಗ ಅಡ ಇಟ್ಟ ಕಾಗದಕ್ಕೆ ಬೆಲೆಯೇನು, ಠೇವಣಿ ಇಟ್ಟವರ ಗತಿಯೇನು? ಒಪ್ಪಿದೆ. ಹಾಗಾದರೆ ಷೇರಿನ ಹಣವನ್ನೇ ವಾಪಸು ಕೊಡಿ ಎಂದು ಅರ್ಜಿ ಕೊಟ್ಟೆವು. ಅದು ಆಡಳಿತ ಮಂಡಳಿಯ ಸಭೆಗೆ ಬರಬೇಕಂತೆ. ಅರ್ಜಿ ಇದ್ದ ದಿನ ಸಭೆ ಇಲ್ಲ, ಸಭೆ ನಡೆದ ದಿನ ಅರ್ಜಿ ಸಿಗಲಿಲ್ಲ. ಅತ್ತ ನಮ್ಮ ಬೀದಿಯ ರಾಗಿ ಡಬ್ಬಗಳು ನ್ಯಾಮತಿಯ ಗಿರಣಿಗೆ ಬಸ್ಸು ಹತ್ತುತ್ತಿವೆ. ಇನ್ನೊಂದು ತಿಂಗಳು ಹೀಗೇ ಹೋದರೆ, ಮೋಟಾರು ಬಂದರೂ ಗಿರಾಕಿ ಬರುತ್ತಾರೆಯೇ?

ಆದ್ದರಿಂದ ಕರಿಯಕ್ಕನ ಹಣವನ್ನು ಈ ತಿಂಗಳೊಳಗೆ ಕೊಡಿಸಿ. ಇನ್ನು ಮುಂದೆ ಪ್ರತಿ ಷೇರುಪತ್ರದ ಮೇಲೂ, ಅಧ್ಯಕ್ಷರ ಸಹಿಗಿಂತ ದಪ್ಪ ಅಕ್ಷರದಲ್ಲಿ, 'ಇದನ್ನು ಈ ಬ್ಯಾಂಕು ಅಡ ಇಟ್ಟುಕೊಳ್ಳುವುದಿಲ್ಲ' ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ. ಇಂಗ್ಲಿಷಿನಲ್ಲಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಕೆಳಗಿದ್ದಾನೆ.

ಇಂತಿ,
ಹನ್ನೊಂದು ವರ್ಷದ ಹಿಂದೆ, ಷೇರಿನ ಅರ್ಜಿಯ ಹಿಂಬದಿಯ ಇಂಗ್ಲಿಷ್ ಷರತ್ತು ಓದಲು ಬಾರದೆ, ಬಾರದೆಂದು ಹೇಳಲೂ ಆಗದೆ, 'ಎಲ್ಲಾ ಸರಿಯೈತೆ, ಹೆಬ್ಬೆಟ್ಟು ಒತ್ತಕ್ಕ' ಎಂದು ಸಾಕ್ಷಿಗೆ ಸಹಿ ಹಾಕಿದ ಬಿ.ಎ. ಪದವೀಧರ,
ಸವಳಂಗ