ರಾಕೆಟ್ಟಿಗಾಗಿ ಕಾದ ಬಿಯರ್

ಜುಲೈ ೨೧, ಉಳ್ಳೂರು

ಏಪ್ರಿಲ್ ಸೆಕೆಗೆಂದು ಬೆಂಗಳೂರಿನಿಂದ ತಂದ ಎರಡು ಕ್ಯಾನ್ ಕ್ರಾಫ್ಟ್ ಬಿಯರ್ ಇನ್ನೂ ಫ್ರಿಜ್ಜಿನಲ್ಲೇ ಇದ್ದವು. "ನಮ್ಮ ರಾಕೆಟ್ ಹಾರಲಿ, ಇಬ್ರೂ ಒಟ್ಟಿಗೆ ಕುಡಿಯೋಣ" ಎಂದಿದ್ದರು ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡುವ ಇವರು. ಉಡಾವಣೆ ಮುಂದಕ್ಕೆ ಹೋಗುತ್ತಲೇ ಇದೆ. ಬೇಸಿಗೆ ಮುಗಿದು ಕೇರಳದ ಕರ್ಕಿಡಕ ಮಾಸದ ಮಳೆಯೂ ಹಿಡಿಯಿತು. ಇವತ್ತು ಮತ್ತೆ ಮುಂದಕ್ಕಂತೆ! ಸಿಟ್ಟಿನಲ್ಲಿ ಒಂದನ್ನು ತೆರೆದೇಬಿಟ್ಟೆ. ಎಷ್ಟು ಹಗುರ, ಕಿತ್ತಳೆ ಸಿಪ್ಪೆಯ ಘಮ. ಈ ಥಂಡಿಯಲ್ಲೂ ಜೀವಕ್ಕೆ ಹಿತವಾಯಿತು.

"ಏ ಇಂದು, ಈ ಮಳೇಲಿ ಬಿಯರಾ ನಿಂಗೆ? ಶೀತ ಆಗುತ್ತೆ."

"ಹವಾಮಾನ ನೋಡ್ಬೇಕಾದ್ದು ನಿಮ್ಮ ರಾಕೆಟ್ಟು, ನಾನಲ್ಲ."

ಇವರು ನಗಲಿಲ್ಲ. ಇನ್ನೊಂದು ಕ್ಯಾನನ್ನು ಇವರ ಮುಂದಿಟ್ಟೆ. "ಹಾರಲಿ, ಆಮೇಲೆ" ಎಂದು ಮತ್ತೆ ಫ್ರಿಜ್ಜಿನಲ್ಲಿಟ್ಟು ಲ್ಯಾಪ್‌ಟಾಪ್ ತೆರೆದರು.

ಅದನ್ನೂ ನಾನೇ ಕುಡಿದೆ. ಎರಡನೆಯದು ಯಾಕೋ ಅಷ್ಟು ಹಗುರ ಅನ್ನಿಸಲಿಲ್ಲ.