ನಿಮ್ಮ ಹೆಸರಿಲ್ಲದ ವಿಳಾಸ

ಅಂಗಡಿಯಿಂದ,
ಭಾನುವಾರ ಮಧ್ಯಾಹ್ನ, ಜುಲೈ ಹದಿಮೂರು

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಹೋದ ಸಲ ನೋಡಲು ಬಂದಾಗ ಜೈಲಿನ ಆ ಗಾಜಿನಾಚೆ ಕೂತು ಎಲ್ಲದಕ್ಕೂ 'ಚೆನ್ನಾಗಿದೀನಿ' ಅಂದಿರಿ. ನಿಮ್ಮ ಚೆನ್ನಾಗಿರುವಿಕೆ ನನಗೆ ಗೊತ್ತಿಲ್ಲದ್ದೇ? ಜ್ವರದಲ್ಲಿ ಮೈ ಸುಡುತ್ತಿದ್ದಾಗಲೂ ಹಾಗೇ ಅಂದುಕೊಂಡು ಗೀಸರ್ ಹೊತ್ತು ಮಹಡಿ ಹತ್ತಿದವರು ನೀವು. ಅಲ್ಲಿ ಡಾಕ್ಟರು ಬಂದಾಗ ಬಾಯಿಬಿಟ್ಟು ಹೇಳಿಕೊಳ್ಳಿ. ಅತ್ತೆಯವರು ಊಟ ನಿದ್ದೆಯ ಮಟ್ಟಿಗೆ ಪರವಾಗಿಲ್ಲ. ನಿಮ್ಮ ಮಗಳು ಚಿನ್ನಿಗೆ ಶಾಲೆಯಲ್ಲಿ ಮುಂದಿನ ಬೆಂಚು ಸಿಕ್ಕಿದೆ, ಮನೆಗೆಲ್ಲ ಅದೊಂದೇ ಸಂತೋಷ. ಕಾಗದಗಳನ್ನು ನಿಮಗೆ ಕೊಡುವ ಮೊದಲು ಅಲ್ಲಿಯವರು ಓದುತ್ತಾರಂತಲ್ಲ. ಓದುವ ಪುಣ್ಯಾತ್ಮರಿಗೂ ನನ್ನ ನಮಸ್ಕಾರ. ಅವರ ಮನೆಯ ಗೀಸರ್ ಕೆಟ್ಟರೆ ನಮಗೇ ಹೇಳಲಿ.

ಬರೆಯಬೇಕಾದದ್ದು ಅಂಗಡಿಯ ವಿಷಯ. ನೀವು ಮುಟ್ಟಿದ ಪ್ರತಿ ಗೀಸರಿನ ಹೊಟ್ಟೆಗೂ ಒಂದು ಹಳದಿ ಸ್ಟಿಕ್ಕರ್ ಅಂಟಿಸಿಯೇ ಬರುತ್ತಿದ್ದಿರಿ, ಮೇಲೆ ನಿಮ್ಮ ಹೆಸರು, ಕೆಳಗೆ ಫೋನ್ ನಂಬರು. ಈಗ ನಾನು ಕೆಲಸಕ್ಕೆ ಹೋದ ಮನೆಗಳಲ್ಲಿ ಅದನ್ನು ಉಗುರಿನಿಂದ ಕೆರೆದು ತೆಗೆದಿರುತ್ತಾರೆ. ನಿಮ್ಮ ಅಂಟು ಗಟ್ಟಿ, ಪೂರ್ತಿ ಬರುವುದಿಲ್ಲ, ಅರ್ಧ ಹೆಸರು ಅಲ್ಲೇ ಉಳಿದಿರುತ್ತದೆ. ಅದರ ಪಕ್ಕದಲ್ಲೇ ನಿಂತು ಥರ್ಮೋಸ್ಟಾಟ್ ಬದಲಾಯಿಸಿ ಬರುತ್ತೇನೆ. ನೀವು ಹೇಳಿಕೊಟ್ಟ ಕೆಲಸ ಕೈಗೆ ಹತ್ತಿದೆ, ಆದರೆ ಕರೆಯುವವರೇ ಕಡಿಮೆಯಾಗುತ್ತಿದ್ದಾರೆ. ಮೊಬೈಲಿನಲ್ಲಿ ನಮ್ಮ ಅಂಗಡಿಯ ಹೆಸರು, ಅಂದರೆ ನಿಮ್ಮ ಹೆಸರು, ಹಾಕಿದರೆ ಮೊದಲು ಬರುವುದೇ ಆ ಸುದ್ದಿ. ಗಾಳಿಕಿಂಡಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್, ಉಸಿರುಗಟ್ಟಿ ತೀರಿಕೊಂಡ ಆ ಮನೆಯ ಮಗಳು, ಗೀಸರ್ ಕೂರಿಸಿದ ಮೆಕ್ಯಾನಿಕ್‌ಗೆ ಜೈಲು. 'ಕಿಂಡಿ ನಾಳೆ ಹೊಡೆಸ್ತೀವಿ, ನೀವು ಕೂರಿಸಿ ಹೋಗಿ' ಎಂದ ಆ ಹುಡುಗಿಯ ತಂದೆಯ ಮಾತು ಅದರಲ್ಲಿ ಎಲ್ಲೂ ಇಲ್ಲ. ಆ ಮಾತು ನಂಬಿ ನೀವು ಕೂರಿಸಿ ಬಂದದ್ದು ತಪ್ಪೇ, ನಾನು ಅಲ್ಲವೆನ್ನುವುದಿಲ್ಲ.

ಅಂಗಡಿ ಹೀಗೇ ಸೊರಗಿದರೆ ಬಾಗಿಲು ಹಾಕುವುದೊಂದೇ ಉಳಿಯುತ್ತದೆ. ಅದಕ್ಕೇ ವೆಬ್‌ಸೈಟ್ ಮಾಡಿಸಲು ಹೊರಟೆ. ಮಾಡಿಕೊಡುವವಳು ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು, ಕಂಪ್ಯೂಟರ್ ಮುಂದೆ ಕೂತರೆ ಕಾಫಿ ಆರಿದ್ದೂ ತಿಳಿಯದ ಪೈಕಿ. ಅಂಗಡಿಯ ಹೆಸರೇ ವೆಬ್‌ಸೈಟಿನ ವಿಳಾಸವಾಗಲಿ ಎಂದೆ. 'ಆಂಟಿ, ಜನ ಅಂಗಡಿ ಹೆಸರು ಹುಡುಕಲ್ಲ, ತಮ್ಮ ತೊಂದರೆ ಹುಡುಕ್ತಾರೆ' ಅಂದಳು. ನಿಜವೇ ಅನ್ನಿ. ತಲೆಗೆ ಸೋಪು ಹಚ್ಚಿಕೊಂಡು ತಣ್ಣೀರಿನಡಿ ನಿಂತವನು ನಿಮ್ಮ ಹೆಸರು ನೆನಪಿಸಿಕೊಳ್ಳುತ್ತ ಕೂರುತ್ತಾನೆಯೇ? ಗೀಸರ್ ರಿಪೇರಿ ಅಂತ ಹಾಕುತ್ತಾನೆ, ಪಕ್ಕದಲ್ಲಿ ಊರಿನ ಹೆಸರು. ವಿಳಾಸವೂ ಅದೇ ಮಾತುಗಳಲ್ಲಿರಬೇಕಂತೆ, ಚಿಕ್ಕದಾಗಿ, ನಡುವೆ ಗೆರೆ ಅಂಕಿ ಏನೂ ಇಲ್ಲದೆ, ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರಿಗೆ ನೆನಪಿರುವಂತೆ. ಬರೀ ಗೀಸರ್ ರಿಪೇರಿ ಎಂಬ ವಿಳಾಸವನ್ನು ಯಾರೋ ಎಂದೋ ಕೊಂಡುಬಿಟ್ಟಿದ್ದಾರೆ. ಬಿಸಿನೀರು ಎಂದು ನೋಡಿದೆವು, ಅದೂ ಹೋಗಿದೆ. ಚಿನ್ನಿ 'ಅಪ್ಪನ ಗೀಸರ್ ಅಂತ ಇಡಿ' ಅಂದಳು.

ಅತ್ತೆಯವರು ಮಾತ್ರ ಪಟ್ಟು ಹಿಡಿದರು. 'ನನ್ನ ಮಗ ಕಟ್ಟಿದ ಅಂಗಡಿ. ಅವನ ಹೆಸರು ತೆಗೆದ್ರೆ ಅವನು ಇದ್ದೂ ಇಲ್ಲದ ಹಾಗೆ' ಎಂದು ತಟ್ಟೆ ಸರಿಸಿ ಎದ್ದರು. ಮೇಲಿನ ಮನೆಯವಳು ಸಮಾಧಾನವಾಗಿ ಎಲ್ಲರ ಫೋನಿನಲ್ಲೂ ನಿಮ್ಮ ಹೆಸರು ಹಾಕಿ ತೋರಿಸಿದಳು. ಅವಳದರಲ್ಲಿ ಆ ಸುದ್ದಿ ಸ್ವಲ್ಪ ಕೆಳಗಿತ್ತು. ಅತ್ತೆಯವರದರಲ್ಲಿ ಮೊದಲ ಅಕ್ಷರ ಒತ್ತುವಷ್ಟರಲ್ಲೇ ಎದ್ದು ಬಂತು. 'ಅಜ್ಜಿ, ಇದನ್ನ ದಿನಾ ತೆಗೀತೀರಾ?' ಎಂದು ಕೇಳಿದಳು. ಅತ್ತೆಯವರು ತಲೆ ತಗ್ಗಿಸಿದರು. ಅವರೊಬ್ಬರೇ ಅಲ್ಲ ಕಣ್ರೀ. ಆ ಸುದ್ದಿ ತೊಲಗಿತೇ ಎಂದು ನೋಡಲು ನಾನೂ ತೆಗೆಯುತ್ತಿದ್ದೆ, ಚಿನ್ನಿಯೂ ಕದ್ದು ತೆಗೆಯುತ್ತಿದ್ದಳು. ಒಬ್ಬರಿಗೊಬ್ಬರು ಹೇಳದೆ ಮೂವರೂ ಅದನ್ನೇ ಒತ್ತಿ ಒತ್ತಿ, ನಮ್ಮ ಫೋನುಗಳಲ್ಲಿ ನಾವೇ ಮೇಲಕ್ಕೆ ತಂದು ಕೂರಿಸಿದ್ದೆವಂತೆ. 'ಅದರಲ್ಲಿ ಅವನ ಫೋಟೋ ಇದೆಯಲ್ಲ' ಅಂದರು ಅತ್ತೆಯವರು. ಪೊಲೀಸರ ನಡುವೆ ನಿಂತ ಫೋಟೋ. ಮನೆಯಲ್ಲಿ ನಿಮ್ಮ ಫೋಟೋಗಳಿಗೆ ಬರವೇ? ಆದರೆ ಗಡ್ಡ ಬಿಟ್ಟ, ಕೆನ್ನೆ ಇಳಿದ, ಈಗಿನ ಮಗನ ಮುಖ ಅದರಲ್ಲಿ ಮಾತ್ರ ಇರುವುದಂತೆ. ನನಗೆ ಅಳು ತಡೆಯಲಿಲ್ಲ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಕೊನೆಗೆ ಊರಿನ ಹೆಸರು, ಅದರ ಬೆನ್ನಿಗೆ ಗೀಸರ್ ರಿಪೇರಿ, ಡಾಟ್ ಕಾಮ್. ಅದು ಖಾಲಿಯಿತ್ತು, ನಿಮ್ಮನ್ನು ಕೇಳದೆ ತೆಗೆದುಕೊಂಡೆ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ, ಅತ್ತೆಯವರ ಮೇಲೆ ರೇಗಬೇಡಿ. ಒಳಗೆ ಎಲ್ಲೂ ನಿಮ್ಮ ಹೆಸರಿಲ್ಲ, ನನ್ನದೂ ಇಲ್ಲ. ಮಾಡುವ ಕೆಲಸ ಯಾವುದು, ನನ್ನ ಹೊಸ ನಂಬರು ಯಾವುದು, ಅಷ್ಟೇ. ಅಂಗಡಿಯ ಬೋರ್ಡನ್ನು ಮಾತ್ರ ಮುಟ್ಟಿಲ್ಲ. ಇದೆಲ್ಲ ನನಗೆ ಹಗುರವಾಗಿತ್ತೆಂದು ತಿಳಿಯಬೇಡಿ. ನೀವು ಬಿಡುಗಡೆಯಾಗಿ ಬಂದಾಗ ಕೂರಲು ಒಂದು ಸ್ಟೂಲಾದರೂ ಇರಲಿ ಎಂದು ಮಾಡಿದೆ.

ಅತ್ತೆಯವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಚಿನ್ನಿ ಒಂದು ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆ ಒದ್ದೆಯಾಗಿರುವುದು ಅದಕ್ಕೇ. ಮಂಡಿ ಜೋಪಾನ.

ನಿಮ್ಮವಳು

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಫೋನ್ ಬಂತು, ವೆಬ್‌ಸೈಟಿನಿಂದ ಮೊದಲನೆಯದು. 'ಮೊಬೈಲಲ್ಲಿ ಹುಡುಕಿದೆ, ಮೊದಲು ನೀವೇ ಸಿಕ್ಕಿದ್ರಿ. ಕರೆಂಟಿನ ಗೀಸರು, ನೀರು ಕಾಯ್ತಿಲ್ಲ' ಅಂದರು ಒಬ್ಬ ಹೆಂಗಸು. ಮನೆ ಎಲ್ಲಿ ಎಂದು ಕೇಳಿದೆ. ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹಸಿರು ಗೇಟು. ರೀ, ಅದೇ ಮನೆ. ಕೋರ್ಟಿನಲ್ಲಿ ನನ್ನ ಮುಂದಿನ ಸಾಲಿನಲ್ಲಿ ಕೂತು ಮಗಳಿಗಾಗಿ ಅಳುತ್ತಿದ್ದ ಆ ತಾಯಿಯದೇ ದನಿ. ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ, ರಿಪೇರಿಗೆ ಬರುವವಳು ನಾನೇ ಎಂದಷ್ಟೇ ಹೇಳಿದ್ದೆ. 'ಹೆಂಗಸರೇ ಬರ್ತೀರಲ್ಲ, ಅಷ್ಟು ಸಮಾಧಾನ. ಗೀಸರ್ ಅಂದ್ರೆ ನಮಗೆ ಭಯ, ಸರಿಯಾಗಿ ನೋಡಿಕೊಡಮ್ಮ' ಅಂದರು. ನಾಳೆ ಬೆಳಿಗ್ಗೆ ಬರುತ್ತೇನೆ ಎಂದುಬಿಟ್ಟೆ. ಈ ಕಾಗದ ನಿಮ್ಮ ಕೈಸೇರುವಾಗ ಹೋಗಿ ಬಂದಿರುತ್ತೇನೆ. ಗೇಟಿನ ಹೊರಗೇ ನಿಂತು ನಿಮ್ಮ ಹೆಸರು ಹೇಳುತ್ತೇನೆ, ನಾನು ಅವರ ಹೆಂಡತಿ ಎನ್ನುತ್ತೇನೆ. ಆಮೇಲೂ ಒಳಗೆ ಕರೆದರೆ ಮಾತ್ರ ಚೀಲ ಬಿಚ್ಚುತ್ತೇನೆ.