ಅಮೆರಿಕದವನ ಸುಳ್ಳು, ನನ್ನ ಗಂಟಲು

ಮಾರ್ಚ್ 3, ಸೋಮವಾರ

ಬೆಳಗಿನ ಪಾಳಿ. ಮೈಕಿನ ಮುಂದೆ ಕೂತವನೇ ಶುರು ಹಚ್ಚಿಕೊಂಡೆ: "ಪ್ರಯಾಣಿಕರ ಗಮನಕ್ಕೆ. ಮೂರನೇ ಪ್ಲಾಟ್‌ಫಾರ್ಮಿನ ಡ್ರೈವರ್ ಬಸ್ಸಿನಲ್ಲೇ ಮಲಗಿದ್ದಾರೆ. ದಯವಿಟ್ಟು ಸದ್ದು ಮಾಡದೆ ಹತ್ತಿ." ಬಸ್ ನಿಲ್ದಾಣಕ್ಕೆ ನಿಲ್ದಾಣವೇ ನಕ್ಕಿತು. ಡ್ರೈವರ್ ಎದ್ದು ಬಂದು ನನ್ನ ಗಾಜಿನ ಕಿಟಕಿ ಬಡಿದ. ನಾನು ಕೂಗಿದರೆ ಸತ್ತವರೂ ಎದ್ದು ಟಿಕೆಟ್ ಕೇಳಬೇಕು — ಜಂಬವಲ್ಲ, ಇದ್ದದ್ದು ಇದ್ದ ಹಾಗೆ.

ಮಧ್ಯಾಹ್ನ ಆಸ್ಪತ್ರೆ. ಧ್ವನಿ ಒಡೆದು ವರ್ಷವಾಯಿತು. "ಹಣ್ಣಾಗ್ತಾ ಇದೆ" ಎಂದು ಎಲ್ಲರ ಮುಂದೆ ಬೀಗಿದ್ದೆ. ಗಡಸು ಧ್ವನಿ ಚೆನ್ನಾಗಿದೆ ಅಂತ ಕಂಡಕ್ಟರುಗಳು ಮಿಮಿಕ್ರಿ ಬೇರೆ ಮಾಡುತ್ತಿದ್ದರು. ಡಾಕ್ಟರಮ್ಮ ಗಂಟಲೊಳಗಿನ ಫೋಟೋ ತೋರಿಸಿದರು. ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ತೆಗೆದರೂ ಖಾತ್ರಿ ಇಲ್ಲವಂತೆ.

"ಆಮೇಲೆ ಮಾತು?"

"ಬರಲ್ಲ."

"ಪಿಸುಮಾತಾದ್ರೂ?"

"ಅದೂ ಇಲ್ಲ."

"ಹಾಗಾದ್ರೆ ಹೊಸ ಪೆಟ್ಟಿಗೆ ಕೂರಿಸಿಬಿಡಿ ಡಾಕ್ಟ್ರೇ. ಸ್ವಲ್ಪ ದೊಡ್ಡದೇ ಇರ್ಲಿ."

ಅವರು ನಗಲಿಲ್ಲ. ಆಗ ಹೆದರಿಕೆಯಾಯಿತು.

ಮಾರ್ಚ್ 4

ಅಕ್ಕನಿಗೆ ಹೇಳಿದೆ. ಹೊಲಿಗೆ ಮೆಷಿನ್ ನಿಲ್ಲಿಸಲಿಲ್ಲ. "ಹಣ್ಣಾಗಿದೆ ಹಣ್ಣಾಗಿದೆ ಅಂತ ಕುಣಿದೆಯಲ್ಲೋ, ಈಗ ಹುಳ ಬಿತ್ತು ನೋಡು" ಅಂದಳು. ಸೂಜಿಯ ಕೆಳಗೆ ಬಟ್ಟೆ ಮುಗಿದುಹೋಗಿತ್ತು. ಕಾಲು ತುಳಿಯುತ್ತಲೇ ಇತ್ತು.

ಆಪರೇಷನ್ ಬೇಡ ಎಂದೆ. ಬಾಯಿಲ್ಲದ ನಾನೆಂದರೆ ಗಂಟೆಯಿಲ್ಲದ ಸೈಕಲ್. ಜನ ಮೈಮೇಲೆ ಬಂದು ಬೀಳುತ್ತಾರೆ.

ಮಾರ್ಚ್ 6, ಗುರುವಾರ

ಅಕ್ಕನ ಮಗಳು ಬಂದಳು. ಚಿಟ್ಟೆ ಅಂತ ನಾನೇ ಇಟ್ಟ ಹೆಸರು. ಈಗ ಏಳು ತಿಂಗಳ ಬಸುರಿ, ಚಿಟ್ಟೆಗೆ ರೆಕ್ಕೆ ಎತ್ತಲಾಗದು. ಕೈಯಲ್ಲಿ ಇಟ್ಟಿಗೆಯಂಥ ಪುಸ್ತಕ. ಯಾವನೋ ಹಳೇ ಕಾಲದ ಅಮೆರಿಕದವನ ಕಥೆಗಳಂತೆ, ಎಲ್ಲವೂ ಒಂದೇ ಕಡೆ, ನಮ್ಮ ಭಾಷೆಗೆ ಇಳಿಸಿದ್ದು. ನಗಿಸುವುದೇ ಅವನ ಕಸುಬಂತೆ.

"ಮಾವ, ನೀನಿದನ್ನ ಓದು. ನಾನು ಫೋನಲ್ಲಿ ಹಿಡಿದಿಡ್ತೀನಿ. ನಾಳೆ ಮಗು ಕೇಳ್ಬೇಕಲ್ಲ."

"ಪರದೇಶದವನ ಸುಳ್ಳು ಯಾಕೆ? ನನ್ನ ಹತ್ರ ಊರಿಗಾಗುವಷ್ಟಿದೆ."

"ನಿನ್ನದಕ್ಕೆ ಬಾಲ ಮಾತ್ರ ಇರುತ್ತೆ, ತಲೆ ಇರಲ್ಲ. ಇದನ್ನ ಓದು."

ಓದಿದೆ. ಒಬ್ಬ ಬಡಾಯಿಗಾರ ಹುಟ್ಟಿದೂರಿಗೆ ರೈಲಿನಲ್ಲಿ ವಾಪಸ್ ಬರುವಾಗ ತನ್ನ ಸ್ವಾಗತಕ್ಕೆ ತಾನೇ ಬ್ಯಾಂಡ್ ಗೊತ್ತು ಮಾಡುತ್ತಾನೆ. ಅದೇ ರೈಲಿನಿಂದ ಒಬ್ಬ ಹಲ್ಲಿನ ವೈದ್ಯ ಇಳಿಯುತ್ತಾನೆ. ಬ್ಯಾಂಡಿನವರು ಇವನೇ ಅವನೆಂದುಕೊಂಡು ವೈದ್ಯನನ್ನು ಹೊತ್ತು ಮೆರೆಸುತ್ತಾರೆ. ನಮ್ಮವನು ತನ್ನದೇ ದುಡ್ಡಿನ ಬ್ಯಾಂಡಿನ ಹಿಂದೆ ಪೆಟ್ಟಿಗೆ ಹೊತ್ತು ನಡೆಯುತ್ತಾನೆ. ಬರೆದವನು ಒಂದು ಕಡೆಯೂ ನಗುವುದಿಲ್ಲ! ಮುಖ ಗಂಟು ಹಾಕಿಕೊಂಡು ಸುಳ್ಳು ಹೇಳುವ ಜಾತಿ. ಕಳ್ಳ. ನನ್ನ ಸಮಕ್ಕೆ ಬರುತ್ತಾನೆ.

ಸುಮ್ಮನಿರಲಾಗಲಿಲ್ಲ. ಬ್ಯಾಂಡಿಗೆ ಎರಡು ಕುದುರೆ ಸೇರಿಸಿದೆ.

"ಮಾವ! ಪುಸ್ತಕದಲ್ಲಿರೋದನ್ನ ಓದು."

"ಪುಸ್ತಕದಲ್ಲಿರೋದು ಪುಸ್ತಕದಲ್ಲೇ ಇರುತ್ತೆ ಕಣೆ. ಎಲ್ಲಿಗೂ ಓಡಿಹೋಗಲ್ಲ."

ಚಿಟ್ಟೆ ಫೋನನ್ನು ನನ್ನ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.

ಮಾರ್ಚ್ 11, ಮಂಗಳವಾರ

ಪರೀಕ್ಷೆಗೆಂದು ವಾರ್ಡಿನಲ್ಲಿ. ಮಾತು ಕಡಿಮೆ ಮಾಡಿ ಎಂದಿದ್ದಾರೆ. ಪುಸ್ತಕ ತಂದಿದ್ದೇನೆ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಡಗಿ. ನನಗೆ ಮಾಡಬೇಕೆನ್ನುವ ಆಪರೇಷನ್ ಅವನಿಗಾಗಿದೆ. ಕೊರಳ ಬುಡದಲ್ಲಿ ತೂತು, ಅದರ ಮೇಲೆ ಬಟ್ಟೆಯ ಚೂರು. ಪಾಪ ಎನಿಸಿ ಬ್ಯಾಂಡಿನ ಕಥೆ ಓದಿ ಹೇಳಿದೆ, ಕುದುರೆ ಸಮೇತ.

ನಕ್ಕ. ಭುಜ ಕುಣಿಯಿತು, ಕಣ್ಣಲ್ಲಿ ನೀರು, ಬಾಯಿ ಅಗಲ ತೆರೆದಿದೆ — ಸದ್ದಿಲ್ಲ. ತೂತಿನ ಬಟ್ಟೆ ಮಾತ್ರ ಪಟಪಟ ಹಾರಿತು. ಇನ್ನೊಂದು ಓದು ಎಂದು ಕೈಸನ್ನೆ ಮಾಡಿದ. ತಲೆನೋವೆಂದು ಸುಳ್ಳು ಹೇಳಿ ಗೋಡೆಗೆ ಮುಖ ಮಾಡಿ ಮಲಗಿದೆ. ಇಷ್ಟು ಪೇಲವ ಸುಳ್ಳು ಜನ್ಮದಲ್ಲೇ ಹೇಳಿರಲಿಲ್ಲ.

ಮಾರ್ಚ್ 13

ಮನೆಗೆ ಬಂದೆ. "ಆಗಲ್ಲ ಅಕ್ಕಾ. ಇರುವಷ್ಟು ದಿನ ಮಾತಾಡಿಕೊಂಡೇ ಹೋಗ್ತೀನಿ" ಎಂದೆ.

ಅಕ್ಕ ದಾರ ಪೋಣಿಸುತ್ತಿದ್ದಳು. ನಾಲ್ಕು ಸಲ ತಪ್ಪಿತು. "ಹುಟ್ಟಿದಾಗಿಂದ ಬಾಯ್ಮುಚ್ಚು ಬಾಯ್ಮುಚ್ಚು ಅಂತ ಹೇಳ್ತಾನೇ ಇದೀನಿ. ಒಂದು ದಿನ ಕೇಳಲಿಲ್ಲ. ಈಗಾದ್ರೂ ಕೇಳೋ. ಬಾಯಿ ಇಲ್ದೆ ಇದ್ರೂ ಪರವಾಗಿಲ್ಲ, ಇರು."

ಸೂಜಿ ಇಸಿದುಕೊಂಡು ದಾರ ಹಾಕಿ ಕೊಟ್ಟೆ. ಒಪ್ಪಿದೆ ಎಂದು ಬೇರೆ ಹೇಳಬೇಕೆ?

ಮಾರ್ಚ್ 19, ಬುಧವಾರ. ಸಂಜೆ

ನಾಳೆ ಆಪರೇಷನ್. ಪುಸ್ತಕ ಅರ್ಧವೂ ಮುಗಿದಿಲ್ಲ. ಚಿಟ್ಟೆ ಫೋನ್ ಹಿಡಿದು ಕೂತಳು. ಇವತ್ತು ಗಂಟಲು ಗರಗಸ. ನಡುವೆ ಒಂದು ಪುಟಕ್ಕೆ ಧ್ವನಿಯೇ ಹೊರಡಲಿಲ್ಲ, ಬರೀ ಗಾಳಿ. ನೀರು ಕುಡಿದು ಕಥೆ ಬಿಟ್ಟು ಕೊನೆಗೆ ಅನೌನ್ಸ್‌ಮೆಂಟ್ ಕೊಟ್ಟೆ: "ಪ್ರಯಾಣಿಕರ ಗಮನಕ್ಕೆ. ಹೊಟ್ಟೆಯಿಂದ ಹೊರಡುವ ಬಂಡಿ ಸಕಾಲಕ್ಕೆ ಬರಲಿದೆ. ಅಜ್ಜಿ ತಮ್ಮ ಮೂಗನ್ನು ಒರೆಸಿಕೊಳ್ಳತಕ್ಕದ್ದು."

ಅಕ್ಕ ಎದ್ದು ಒಳಗೆ ಹೋದಳು. ಚಿಟ್ಟೆ ಇನ್ನೊಮ್ಮೆ ಹೇಳು ಎಂದಳು. ಬರಲಿಲ್ಲ.

ಏಪ್ರಿಲ್ 16

ಇದ್ದೇನೆ. ಬರೆಯುವ ಮನಸ್ಸಿರಲಿಲ್ಲ. ಮಾತಿಗೆ ಸ್ಲೇಟು ಕೊಟ್ಟಿದ್ದಾರೆ. ನನ್ನ ಮಾತು ಬರೆದು ಮುಗಿಸುವ ಹೊತ್ತಿಗೆ ಎದುರಿನವನು ಬೇರೆ ವಿಷಯಕ್ಕೆ ಹೋಗಿರುತ್ತಾನೆ. ತಮಾಷೆ ಎಂದರೆ ಬಿಸಿ ಟೀ ಇದ್ದ ಹಾಗೆ. ಸ್ಲೇಟಿನ ಮೇಲೆ ಆರಿಹೋಗುತ್ತದೆ.

ನಿಲ್ದಾಣಕ್ಕೆ ಹೋಗಿ ಬಂದೆ. ನನ್ನ ಕಿಟಕಿಯ ಹಿಂದೆ ಕಂಪ್ಯೂಟರ್ ಹೆಂಗಸಿನ ಧ್ವನಿ. ಒಂದು ತಪ್ಪಿಲ್ಲ. ಡ್ರೈವರ್ ಅಂದ: "ನಿದ್ದೆ ಕೆಡಿಸೋರೇ ಇಲ್ಲ ಕಣಣ್ಣ. ನಿದ್ದೆನೇ ಬರಲ್ಲ ಈಗ." ಅವನಿಗೆ ತಕ್ಕ ಉತ್ತರವಿತ್ತು ನನ್ನಲ್ಲಿ. ಸ್ಲೇಟು ಮನೆಯಲ್ಲಿತ್ತು.

ಮೇ 4, ಭಾನುವಾರ

ಕೂಸು ಬಂತು. ಹೆಣ್ಣು. ಅತ್ತರೆ ಬೀದಿಗೆ ಕೇಳುತ್ತದೆ — ನನ್ನ ಕಡೆಯದು, ಅನುಮಾನವೇ ಬೇಡ. ಚಿಟ್ಟೆ ಫೋನಿನಲ್ಲಿ ನನ್ನ ಓದು ಹಚ್ಚಿದಳು. ಎಂಥ ಧ್ವನಿಯಪ್ಪಾ ಅದು! ಒಡೆದಿದ್ದರೂ ಗತ್ತು ನೋಡು. ಅಳು ನಿಂತಿತು. ಫೋನಿನ ಕಡೆಗೇ ಕಣ್ಣರಳಿಸಿತು. ನನ್ನ ತೊಡೆಯ ಮೇಲೇ ಮಲಗಿದ್ದರೂ ನನ್ನ ಕಡೆ ತಿರುಗಲಿಲ್ಲ. ಯಾಕೆ ತಿರುಗಬೇಕು?

ಜೂನ್ 2

ಕತ್ತಿನ ಎಡಕ್ಕೆ ಹೊಸ ಗಂಟು. ಡಾಕ್ಟರಮ್ಮ ನನಗೆ "ನೋಡೋಣ" ಎಂದರು. ಬಾಗಿಲಾಚೆ ಅಕ್ಕನಿಗೆ "ಇನ್ನೇನೂ ಮಾಡೋಕಾಗಲ್ಲ ಅಮ್ಮ" ಎಂದರು. ಬಾಯಿ ಹೋದ ಮೇಲೆ ಕಿವಿ ಬೆಕ್ಕಿನದಾಗಿದೆ.

ಬಸ್ಸಿನಲ್ಲಿ ಅಕ್ಕ "ಏನೂ ಇಲ್ವಂತೆ" ಎಂದಳು. ಸುಳ್ಳು ಹೇಳಲು ಬರುವುದಿಲ್ಲ ಅವಳಿಗೆ. ಹೇಳಿಕೊಡಬೇಕಿತ್ತು. ನಾನು ಸ್ಲೇಟಿನಲ್ಲಿ "ನನಗೆ ಗೊತ್ತಿತ್ತು, ನಮ್ಮದು ಗಟ್ಟಿ ಜೀವ" ಎಂದು ಬರೆದೆ. ಅಕ್ಕ ಓದಿ, ಸೆರಗಿನಿಂದ ಒರೆಸಿದಳು. ಸ್ಲೇಟನ್ನು.

ಜೂನ್ 9

ಎರಡು ದಿನದಿಂದ ಎದ್ದಿಲ್ಲ. ಹಾಲೂ ಇಳಿಯುತ್ತಿಲ್ಲ. ಮಲಗಿದಲ್ಲೇ ಕೈಲಾದಷ್ಟು ಗೀಚುತ್ತಿದ್ದೇನೆ.

ಸಂಜೆ ಅಕ್ಕ ಮೆಷಿನ್ ಮುಚ್ಚಿ ಆ ಪುಸ್ತಕ ಹಿಡಿದು ಮಂಚದ ಪಕ್ಕ ಕೂತಳು. ನಾವಿಬ್ಬರೂ ಹಳ್ಳಿ ಶಾಲೆಯವರೇ. ಅವಳನ್ನು ನನಗಿಂತ ಮೊದಲೇ ಬಿಡಿಸಿದ್ದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾಳೆ, ಲೈಟು ಬಿಲ್ ಓದಿದ ಹಾಗೆ. ನಾನು ಚಿಟ್ಟೆಯ ಫೋನಿಗೆ ಓದದೆ ಬಿಟ್ಟ ಕಥೆ. ತನ್ನ ಕತ್ತೆ ಕಳೆದುಹೋಯಿತೆಂದು ಊರೆಲ್ಲ ಎಬ್ಬಿಸಿದವನದು. ಅಕ್ಕನ ಓದಿನಲ್ಲಿ ಕತ್ತೆ ಇನ್ನೂ ಕಳೆದೇ ಇಲ್ಲ, ಆಗಲೇ ಅವನು ಅದರ ಮೇಲೆ ಕೂತೇ ಹುಡುಕುತ್ತಿದ್ದನೆಂಬುದು ಬಂದುಬಿಟ್ಟಿತು. ಅಕ್ಕ ಎರಡು ಹಾಳೆ ಒಟ್ಟಿಗೆ ಮಗುಚಿದ್ದಾಳೆ. ಗೊತ್ತೇ ಆಗಿಲ್ಲ. ಅಮೆರಿಕದವನು ಅಷ್ಟು ಕಷ್ಟಪಟ್ಟು ಕಟ್ಟಿದ್ದೆಲ್ಲ ಮಣ್ಣುಪಾಲು. ಹಿಂದಿನ ಹಾಳೆ ನೋಡು ಎನ್ನಲು ಕೈ ಎತ್ತಹೋದೆ. ಮೇಲೇಳಲಿಲ್ಲ.

ಅವಳು ಬೆರಳನ್ನು ಆ ಸಾಲಿನ ಮೇಲೇ ಇಟ್ಟು ಕೇಳಿದಳು, "ಇಲ್ಲಿ ನಗ್ಬೇಕೇನೋ?"

ಹೂಂ ಎಂದು ತಲೆಯಾಡಿಸಿದೆ. ನಗಲೆಂದು ಅಕ್ಕ ಬಾಯಿ ತೆರೆದಳು. ಆಮೇಲೆ